ಗೋಂದಿಲ್ಲದೆ ಅಂಟುವ ಕಡಲು

ಕಡಲತೀರಕ್ಕೆ ಹೋದವರು ಚಿಪ್ಪು ಹೆಕ್ಕಿ ತರುತ್ತಾರೆ, ಕಡಲಕಳೆಯನ್ನು ಯಾರೂ ತರುವುದಿಲ್ಲ. ತಪ್ಪೇನಿಲ್ಲ ಬಿಡಿ. ನೀರಿನಿಂದ ಈಚೆ ಬಿದ್ದ ಕಳೆ ಬಚ್ಚಲ ತೂಬಿಗೆ ಸಿಕ್ಕಿಕೊಂಡ ಕೂದಲಿನ ಉಂಡೆಯಂತಿರುತ್ತದೆ, ವಾಸನೆ ಬೇರೆ. ಆದರೆ ಅದೇ ಉಂಡೆಯನ್ನು ಅಗಲವಾದ ತಟ್ಟೆಯ ನೀರಿಗೆ ಬಿಟ್ಟು ನೋಡಿ. ಕವಲು, ಕವಲಿಗೊಂದು ಕಿರುಗವಲು, ಅದರ ತುದಿಗೆ ರೇಷ್ಮೆಯಂಥ ಎಳೆ, ಎಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ. ನೀರು ಬಿಡಿಸಿದ ಈ ಚಿತ್ರವನ್ನು ಕದಡದೆ ಕಾಗದಕ್ಕೆ ಎತ್ತಿಕೊಂಡರೆ ಆಯಿತು, ಕಡಲಕಳೆ ಒತ್ತುವ ಕಲೆ ಅಷ್ಟೇ.

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಇದೊಂದು ಹುಚ್ಚೇ ಆಗಿತ್ತು. ಡೆವನ್ ಸೀಮೆಯ ಟಾರ್ಕಿಯಲ್ಲಿದ್ದ ಅಮೆಲಿಯಾ ಗ್ರಿಫಿತ್ಸ್ ಎಂಬ ವಿಧವೆ ಕಳೆ ಹೆಕ್ಕುವುದರಲ್ಲಿ ಎಷ್ಟು ಪಳಗಿದ್ದಳೆಂದರೆ, ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಅಗಾರ್ಡ್ 1817ರಲ್ಲಿ ಒಂದು ಕೆಂಪು ಕಳೆಯ ಕುಲಕ್ಕೆ ಗ್ರಿಫಿತ್ಸಿಯಾ ಎಂದೇ ಹೆಸರಿಟ್ಟ. ಅದೇ ಊರಿನಲ್ಲಿ ಅಂಗಡಿ ಇಟ್ಟಿದ್ದ ಮೇರಿ ವ್ಯಾಟ್, ಗ್ರಿಫಿತ್ಸಳ ನೆರವಿನಿಂದ 1833ರ ಹೊತ್ತಿಗೆ ನಿಜವಾದ ಕಳೆಗಳನ್ನೇ ಅಂಟಿಸಿದ ಸಂಪುಟಗಳನ್ನು ಮಾರಿದಳು. ಮಕ್ಕಳ ಕತೆಗಾರ್ತಿ ಮಾರ್ಗರೆಟ್ ಗ್ಯಾಟಿ 1863ರಲ್ಲಿ ಬ್ರಿಟಿಷ್ ಕಡಲಕಳೆಗಳ ಬಗ್ಗೆ ದೊಡ್ಡ ಪುಸ್ತಕ ಬರೆದಾಗ, ಹೆಂಗಸರು ಬಂಡೆ ಹತ್ತುವಾಗ ಗಂಡುಹುಡುಗರ ಬೇಟೆ ಬೂಟು ಹಾಕಿಕೊಳ್ಳಬೇಕೆಂದು ಸಲಹೆ ಕೊಟ್ಟಳು. ಆ ಕಾಲಕ್ಕೆ ಸಣ್ಣ ಮಾತಲ್ಲ ಅದು.

ಮನೆಯಲ್ಲಿ ಮಾಡಲು ವಿಶೇಷ ಸಾಮಾನೇನೂ ಬೇಡ. ಅಂಚಿರುವ ತಟ್ಟೆಯಲ್ಲಿ ಎರಡು ಬೆರಳಷ್ಟು ನೀರು. ಸಮುದ್ರದ ನೀರೇ ಆದರೆ ಒಳ್ಳೆಯದು, ತೆಳುವಾದ ಕೆಂಪು ಕಳೆಗಳು ಸಿಹಿನೀರಿನಲ್ಲಿ ಬಣ್ಣ ಬಿಡುತ್ತವೆ. ಮರಳು ಹೋಗುವಂತೆ ಜಾಲಾಡಿದ ಕಳೆಯನ್ನು ತೇಲಿಬಿಟ್ಟು, ಅಡಿಗೆ ದಪ್ಪ ಡ್ರಾಯಿಂಗ್ ಹಾಳೆಯನ್ನು ಜಾರಿಸಿ. ಒಂದು ಕೈಯಲ್ಲಿ ಬುಡ ಒತ್ತಿ ಹಿಡಿದು, ಇನ್ನೊಂದರಲ್ಲಿ ಬ್ರಷ್ಷಿನಿಂದ ಎಳೆಗಳನ್ನು ಹರಡಿ. ಒತ್ತೊತ್ತಾಗಿದ್ದರೆ ಒಂದೆರಡು ಕವಲು ಕತ್ತರಿಸಿ, ಸಂಕೋಚ ಬೇಡ. ಈಗ ಹಾಳೆಯನ್ನು ಒಂದು ಬದಿಯಿಂದ ಓರೆಯಾಗಿ ಎತ್ತಬೇಕು, ಉಸಿರು ಬಿಗಿಹಿಡಿದು. ಅವಸರ ಮಾಡಿದರೆ ಇಳಿಯುವ ನೀರು ಎಳೆಗಳನ್ನೆಲ್ಲ ಒಂದೇ ಕಡೆಗೆ ಬಾಚಿಬಿಡುತ್ತದೆ, ಮತ್ತೆ ಮೊದಲಿನಿಂದ ಶುರು.

ನೀರು ಬಸಿದ ಮೇಲೆ ಹಳೆಯ ಪಂಚೆಯ ತುಂಡು ಹೊದಿಸಿ, ಕೆಳಗೂ ಮೇಲೂ ಪೇಪರು ಇಟ್ಟು, ಹಲಗೆಯ ಮೇಲೆ ಭಾರ ಹೇರಬೇಕು. ನಾನು ಮೊದಲ ಸಲ ಬಟ್ಟೆ ಹಾಕುವುದನ್ನು ಮರೆತೆ. ಕಳೆ ಪೇಪರಿಗೇ ಕಚ್ಚಿಕೊಂಡಿತು, ಬಿಡಿಸಲು ಹೋದಾಗ ಎರಡೂ ಹರಿದವು. ಪೇಪರನ್ನು ದಿನವೂ ಬದಲಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ತೆಳುವಾದದ್ದು ನಾಲ್ಕೈದು ದಿನದಲ್ಲಿ ಒಣಗುತ್ತದೆ.

ಗೋಂದು ಹಚ್ಚುವುದು ಯಾವಾಗ ಎಂದು ಕೇಳುವವರಿದ್ದಾರೆ. ಹಚ್ಚುವುದೇ ಬೇಡ. ಕಳೆಯ ಮೈಯಲ್ಲೇ ಲೋಳೆ ಇದೆ, ಒಣಗುತ್ತಾ ಅದೇ ಕಾಗದವನ್ನು ಹಿಡಿದುಕೊಳ್ಳುತ್ತದೆ. ನಮ್ಮ ಅಡುಗೆಮನೆಯ ಚೈನಾ ಗ್ರಾಸ್ ಕೂಡ ಗೆಲಿಡಿಯಂ, ಗ್ರಾಸಿಲೇರಿಯಾದಂಥ ಕೆಂಪು ಕಳೆಗಳ ಲೋಳೆಯೇ. ದಪ್ಪ ಕಂದು ಕಳೆಗಳು ಮಾತ್ರ ಒಣಗಿದ ಮೇಲೆ ಮೇಲೆದ್ದು ಬರುತ್ತವೆ, ಅವುಗಳಿಗೆ ಒಂದು ಹನಿ ಅಂಟು ಬೇಕಾದೀತು.

ನಮ್ಮ ಕರಾವಳಿಯಲ್ಲೂ ಸರಕಿಗೆ ಬರವಿಲ್ಲ. ಮಳೆಗಾಲ ಕಳೆದು ಕಡಲು ತಣಿದ ಮೇಲೆ, ಅಮಾವಾಸ್ಯೆ ಹುಣ್ಣಿಮೆಗಳ ದೊಡ್ಡ ಇಳಿತದಲ್ಲಿ ಕಾರವಾರ, ಕುಮಟಾ ಕಡೆಯ ಬಂಡೆಗಳು ಬಯಲಾಗುತ್ತವೆ. ಹಸಿರು ಉಲ್ವಾ, ಕಂದು ಸರ್ಗಾಸಮ್, ಬೀಸಣಿಗೆಯಂಥ ಪಡೈನಾ ಅಲ್ಲಿ ಕಾಣಸಿಗುತ್ತವೆ. ಹೊಸಬರು ಉಲ್ವಾದಿಂದ ಶುರು ಮಾಡಲಿ. ಬಂಡೆಗೆ ಅಂಟಿದ್ದನ್ನು ಕೀಳುವುದು ಬೇಡ, ಅಲೆ ತಂದು ಹಾಕಿದ್ದೇ ಧಾರಾಳ.

ಚಂದಕ್ಕಷ್ಟೇ ಇವು ಎಂದುಕೊಳ್ಳಬೇಡಿ. ಕ್ಯಾಲಿಫೋರ್ನಿಯಾದ ಮಾಂಟೆರಿ ಬೇ ಅಕ್ವೇರಿಯಂನ ಸಂಶೋಧಕರು ಹಳೆಯ ಸಂಗ್ರಹಗಳಲ್ಲಿದ್ದ ಒತ್ತಿದ ಗೆಲಿಡಿಯಂ ಹಾಳೆಗಳಿಂದ ಚೂರು ತೆಗೆದು, ಅದರ ಸಾರಜನಕವನ್ನು ಅಳೆದು, ಆ ಕೊಲ್ಲಿಯ ನೂರಕ್ಕೂ ಹೆಚ್ಚು ವರ್ಷಗಳ ಏರಿಳಿತವನ್ನು ಓದಿ 2020ರಲ್ಲಿ ಪ್ರಕಟಿಸಿದರು. ಅದು ಸಾಧ್ಯವಾದದ್ದು ಯಾರೋ ಅಂದು ಹಾಳೆಯ ಮೇಲೆ ದಿನಾಂಕ, ಜಾಗ ಬರೆದಿಟ್ಟದ್ದರಿಂದ. ನೀವೂ ಬರೆಯಿರಿ. ಪೆನ್ನಿನಲ್ಲಿ ಬೇಡ, ಶಾಯಿ ಒದ್ದೆ ಕಾಗದದಲ್ಲಿ ಹರಡುತ್ತದೆ. ಪೆನ್ಸಿಲಿನಲ್ಲಿ, ಹಾಳೆಯನ್ನು ನೀರಿಗಿಳಿಸುವ ಮೊದಲೇ.