ಸೀಸದ ಗುಂಡೂ ಅರೆ-ಸ್ವಯಂಚಾಲಿತ ರೈಫಲೂ

ಎನ್.ಸಿ.ಸಿ.ಯ .22 ರೈಫಲಿನ ತೋಟಾವನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಗೊತ್ತು, ಅದರ ಗುಂಡು ಬರಿಯ ಸೀಸ. ಸೈನ್ಯದ 7.62 ಮಿ.ಮೀ. ಗುಂಡಾದರೋ ಲೋಹದ ಅಂಗಿ ತೊಟ್ಟಿರುತ್ತದೆ. ಈ ಭೇದವೇಕೆಂದು ನಾನು ಯಾರನ್ನು ಕೇಳಿದರೂ ‘ಸೀಸ ಕರಗಿಹೋಗುತ್ತದೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಇದು ಅರ್ಧ ಸತ್ಯವೆಂದು ನನ್ನ ಅಭಿಪ್ರಾಯ. ಅಮೆರಿಕದಲ್ಲಿ ಎರಡನೆಯ ಮಹಾಯುದ್ಧ ಕಾಲದ ಗರಾಂಡ್ ರೈಫಲಿಗೆ ಸ್ವತಃ ಎರಕ ಹೊಯ್ದ ಸೀಸದ ಗುಂಡು ಹಾಕಿ ಗುರಿಯಾಡುವ ಹವ್ಯಾಸಿಗಳು ಇಂದಿಗೂ ಇದ್ದಾರೆ. ಅವರ ಪಾಡನ್ನು ನೋಡಿದರೆ ವಿಷಯ ತಿಳಿಯಾಗುತ್ತದೆ.

ಕರಿಮದ್ದಿನ ಕಾಲದಲ್ಲಿ ಸೀಸದ ಗುಂಡೇ ಎಲ್ಲೆಲ್ಲೂ ಇತ್ತು. 1884ರಲ್ಲಿ ಫ್ರಾನ್ಸಿನ ಪಾಲ್ ವ್ಯೇಯ್ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದ ಮೇಲೆ ಗುಂಡಿನ ವೇಗ ಬಹಳವಾಗಿ ಏರಿತು. ನಳಿಗೆಯ ಸುರುಳಿಗೆರೆಗಳನ್ನು ಹಿಡಿದು ತಿರುಗಬೇಕಾದ ಮೆತ್ತನೆಯ ಸೀಸ ಹಿಡಿತ ತಪ್ಪಿ ಜಾರತೊಡಗಿತು. ಕವಚದ ಗುಂಡು ಎಲ್ಲೆಡೆ ಬಳಕೆಗೆ ಬಂದದ್ದು ಆಗಲೇ.

ಇನ್ನು ಕರಗುವ ಮಾತು. ಸೀಸ ಕರಗಲು 327 ಡಿಗ್ರಿ ಸೆಂಟಿಗ್ರೇಡ್ ಬೇಕು, ನಿಜ. ಆದರೆ ಗುಂಡು ನಳಿಗೆಯಲ್ಲಿರುವುದು ಸೆಕೆಂಡಿನ ಸಾವಿರದ ಒಂದೆರಡು ಭಾಗ ಮಾತ್ರ. ಅಷ್ಟರಲ್ಲಿ ಇಡೀ ಗುಂಡು ಕರಗದು. ಅಪಾಯವಿರುವುದು ಸಂದಿನಲ್ಲಿ. ಗುಂಡು ನಳಿಗೆಗಿಂತ ಕೂದಲೆಳೆಯಷ್ಟು ಸಣ್ಣದಾದರೂ, ಸಡಿಲ ಮುಚ್ಚಳದ ಇಡ್ಲಿಪಾತ್ರೆಯಿಂದ ಹಬೆ ನುಗ್ಗುವಂತೆ ಸುಡುಅನಿಲ ಪಕ್ಕದಿಂದ ನುಗ್ಗಿ ಸೀಸವನ್ನು ಕೊರೆದು ನಳಿಗೆಗೆ ಮೆತ್ತುತ್ತದೆ. ಆದ್ದರಿಂದ .308 ಇಂಚಿನ ಕುಳಿಗೆ .309 ಅಥವಾ .310 ಇಂಚಿನ ಗುಂಡನ್ನು ಹೊಂದಿಸಿ, ಮೈಗೆ ಜೇನುಮೇಣದ ಜಿಡ್ಡು ಹಚ್ಚಿ, ಬುಡಕ್ಕೆ ತಾಮ್ರದ ಪುಟ್ಟ ಬಟ್ಟಲನ್ನು ತೊಡಿಸುತ್ತಾರೆ.

ಸೀಸಕ್ಕೆ ಗಡಸುತನ ಕೊಡುವುದು ಆಂಟಿಮನಿ. ಜೊತೆಗೆ ಎರಕ ಚೆನ್ನಾಗಿ ಕೂರಲು ತುಸು ತವರ. ಮುದ್ರಣಾಲಯದ ಅಚ್ಚುಮೊಳೆಗಳ ಲೋಹವೂ ಇದೇ! ಲೈನೋಟೈಪಿನ ಮಿಶ್ರಣದಲ್ಲಿ ನೂರಕ್ಕೆ ಸುಮಾರು 84 ಪಾಲು ಸೀಸ, 12 ಆಂಟಿಮನಿ, 4 ತವರ. ಪತ್ರಿಕೆಗಳು ಆ ಯಂತ್ರಗಳನ್ನು ಕೈಬಿಟ್ಟಾಗ ಸುದ್ದಿ ಹೇಳುತ್ತಿದ್ದ ಲೋಹ ಬಂದೂಕಿನವರ ಕುಲುಮೆಗೆ ಬಂದಿತು. ಹಾಗೆಂದು ಗಡಸು ಹೆಚ್ಚಿದಷ್ಟೂ ಒಳ್ಳೆಯದಲ್ಲ: ತೀರ ಗಡಸಾದ ಗುಂಡು ಒತ್ತಡಕ್ಕೆ ಉಬ್ಬಿ ಸಂದನ್ನು ಮುಚ್ಚದು.

ಇಷ್ಟು ಎಲ್ಲ ರೈಫಲಿಗೂ ಸಲ್ಲುವ ಮಾತು. ಅರೆ-ಸ್ವಯಂಚಾಲಿತದ ತೊಡಕೇ ಬೇರೆ. 1936ರಲ್ಲಿ ಅಮೆರಿಕದ ಸೈನ್ಯ ಅಂಗೀಕರಿಸಿದ ಗರಾಂಡಿನಲ್ಲಿ, ಮುಂದೆ ನೆಲೆನಿಂತ ರೂಪದಂತೆ, ನಳಿಗೆಯ ತುದಿಯ ಬಳಿ ಒಂದು ಸಣ್ಣ ತೂತಿದೆ. ಗುಂಡು ಅದನ್ನು ದಾಟಿದೊಡನೆ ಕೊಂಚ ಅನಿಲ ಅಲ್ಲಿಂದ ಇಳಿದು ಉದ್ದನೆಯ ಸರಳೊಂದನ್ನು ಹಿಂದಕ್ಕೆ ತಳ್ಳುತ್ತದೆ. ಖಾಲಿ ತೋಟಾ ಹೊರಬಿದ್ದು ಹೊಸದು ಒಳಬರುತ್ತದೆ. ಸೀಸದ ಗುಂಡಿಗೆ ವೇಗ ಕಡಿಮೆ ಇರಲೆಂದು ಮದ್ದನ್ನು ತಗ್ಗಿಸಿದರೆ ಸರಳನ್ನು ತಳ್ಳುವಷ್ಟು ಅನಿಲ ಸಾಲದೆ ತೋಟಾ ಸಿಕ್ಕಿಕೊಳ್ಳುತ್ತದೆ. ತಡೆದು ಉರಿಯುವ ಮದ್ದು ಹಾಕಿದರೆ ತೂತಿನ ಬಳಿ ಒತ್ತಡ ಮಿತಿಮೀರಿ ಸರಳೇ ಬಾಗುವುದುಂಟು. ಕೈಯಿಂದ ಬೋಲ್ಟ್ ಎಳೆಯುವವನಿಗೆ ಈ ಇಕ್ಕಟ್ಟೇ ಇಲ್ಲ. ಸಾಲದ್ದಕ್ಕೆ ಸೀಸದ ಚೂರೂ ಜಿಡ್ಡೂ ತೂತಿನಲ್ಲಿ ಇಳಿದು ಕಿಟ್ಟಗಟ್ಟುತ್ತವೆ. ಮದ್ದು ತೀರ ಕಡಿಮೆಯಾಗಿ ಗುಂಡು ನಳಿಗೆಯಲ್ಲೇ ನಿಂತಿದ್ದು ಮುಂದಿನದು ಹಾರಿದರಂತೂ ನಳಿಗೆ ಸಿಡಿಯಬಹುದು.

.22ರ ಅರೆ-ಸ್ವಯಂಚಾಲಿತಗಳಲ್ಲಿ ಸಾಮಾನ್ಯವಾಗಿ ಈ ತೂತೇ ಇರುವುದಿಲ್ಲ. ತೋಟಾದ ಹಿಮ್ಮೊಗದ ಒತ್ತಡವೇ ಬೋಲ್ಟನ್ನು ತಳ್ಳುತ್ತದೆ. ಗುಂಡಿನ ವೇಗವೂ ಸೆಕೆಂಡಿಗೆ 330 ಮೀಟರಿನ ಆಸುಪಾಸು. ಬರಿಯ ಸೀಸ ಅಲ್ಲಿ ಸುಖವಾಗಿರುವುದು ಈ ಕಾರಣದಿಂದ.

ನಮ್ಮ ದೇಶದಲ್ಲಿ 1959ರ ಆಯುಧ ಕಾಯಿದೆಯಂತೆ ಲೈಸೆನ್ಸಿಲ್ಲದೆ ತೋಟಾ ತಯಾರಿಸುವುದು ಅಪರಾಧ. ಆದ್ದರಿಂದ ಎರಕದ ಚಿಂತೆ ನಮಗಿಲ್ಲ. ಸೀಸದ ವಿಷ ಮಾತ್ರ ನಮಗೂ ತಗಲುವಂಥದು. ಅದು ಕೈಯಿಂದ ಬಾಯಿಗೆ ಹೋಗುತ್ತದೆ, ನೆತ್ತರಲ್ಲಿ ಸೇರಿ ಎಲುಬಿನಲ್ಲಿ ವರ್ಷಗಟ್ಟಲೆ ಕೂರುತ್ತದೆ. ಫೈರಿಂಗ್ ಮುಗಿದೊಡನೆ ಉಪ್ಪಿಟ್ಟಿನ ಸಾಲಿಗೆ ಓಡುವ ಗೆಳೆಯರು ಮೊದಲು ಸೋಪು ಹಚ್ಚಿ ಕೈ ತೊಳೆಯಬೇಕು. ಕರವಸ್ತ್ರದಲ್ಲಿ ಒರೆಸಿದರೆ ಅದು ಹೋಗುವುದಿಲ್ಲ.