ನಾಲ್ಕು ಕಾರ್ಡ್, ನಾಲ್ವರು ಗೆಳೆಯರು

ಚೆನ್ನಾಗಿ ನುಡಿಸಲು ಬಂದ ಮೇಲೆ ಬ್ಯಾಂಡ್ ಕಟ್ಟಬೇಕು ಅಂತಾರೆ. ನನಗೋ ಬ್ಯಾಂಡ್ ಕಟ್ಟಿದ ಮೇಲೇ ನುಡಿಸಲು ಬಂತು!

ನಾನೀಗ ಬಿ.ಇ. ಮೂರನೇ ವರ್ಷ. ಶುರುಮಾಡಿದಾಗ ಗಿಟಾರ್ ಹಿಡಿದು ಎಂಟು ತಿಂಗಳಾಗಿತ್ತಷ್ಟೆ. ಜಿ, ಸಿ, ಡಿ, ಇ ಮೈನರ್ – ಇಷ್ಟೇ ಬಂಡವಾಳ. ಹಾಸ್ಟೆಲ್‌ನ ಮೂವರು ಜೊತೆಯಾದರು. ಒಬ್ಬ ಹಾಡುಗಾರ, ಒಬ್ಬನ ಬಳಿ ಕೀಬೋರ್ಡ್, ಇನ್ನೊಬ್ಬನಿಗೆ ತಾಳದ ಹುಚ್ಚು. ಡ್ರಮ್ ಸೆಟ್‌ಗೆ ದುಡ್ಡಿರಲಿಲ್ಲ. ಕಹೋನ್ ಎಂಬ ಮರದ ಪೆಟ್ಟಿಗೆ ಸಾಕಾಯಿತು. ಅದರ ಮೇಲೆ ಕೂತು, ಮುಂದಿನ ಹಲಗೆಯ ನಡುವೆ ಬಡಿದರೆ ದಪ್ಪ ದನಿ, ಮೇಲಂಚಿಗೆ ಬಡಿದರೆ ಚುರುಕು ದನಿ.

ಹೊಸಬರಿಗೆ ಎರಡು ಮಾತು. ಮೊದಲು ಹಾಡುಗಾರನ ಕಂಠಕ್ಕೆ ಹೊಂದುವ ಶ್ರುತಿ ಗೊತ್ತುಮಾಡಿಕೊಳ್ಳಿ. ಗಿಟಾರ್‌ಗೆ ಕೇಪೋ ಹಾಕಿದರೆ ಕಲಿತ ಕಾರ್ಡ್‌ಗಳಲ್ಲೇ ಶ್ರುತಿ ಏರಿಸಬಹುದು. ಕಾರ್ಡ್ ಬದಲಿಸುವಾಗ ಲಯ ತಪ್ಪುತ್ತದೆಯೇ? ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60 ಬಡಿತಕ್ಕಿಟ್ಟು ಅಭ್ಯಾಸ ಮಾಡಿ, ಆಮೇಲೆ ವೇಗ ಹೆಚ್ಚಿಸಿ.

‘ಪ್ಲೇಸ್‌ಮೆಂಟ್ ಹೊತ್ತಲ್ಲಿ ಇದೆಲ್ಲ ಬೇಕೇನೋ?’ ಅಂತ ಅಪ್ಪ ಕೇಳಿದರು. ಮೈಕ್ರೊಬಯಾಲಜಿ ಓದಿ ಹಾಡಿನ ದಾರಿ ಹಿಡಿದ ರಘು ದೀಕ್ಷಿತ್ ಹೆಸರು ಹೇಳಿದೆ. ‘ಅವರು ಓದಿನಲ್ಲೂ ಚಿನ್ನದ ಪದಕ ತಗೊಂಡೋರು ಕಣಪ್ಪ’ ಎಂದರು. ಕೊನೆಗೊಂದು ಒಪ್ಪಂದವಾಯಿತು: ವಾರಕ್ಕೆ ಎರಡೇ ಸಂಜೆ ಅಭ್ಯಾಸ, ಬ್ಯಾಕ್‌ಲಾಗ್ ಬಂದರೆ ಬ್ಯಾಂಡ್ ಬಂದ್. ಈವರೆಗೆ ಬಂದಿಲ್ಲ.

ಮುಂದಿನ ವರ್ಷ ಕೆಲಸ ಸಿಕ್ಕರೆ ನಾಲ್ವರೂ ನಾಲ್ಕು ಊರು. ಅಷ್ಟರೊಳಗೆ ನಮ್ಮದೇ ಒಂದು ಕನ್ನಡ ಹಾಡು ಮುಗಿಸಬೇಕು. ಪಲ್ಲವಿ ಆಗಿದೆ, ಚರಣ ಬಾಕಿ.