ದಾಪೋಡಿಯ ಭಾನುವಾರಗಳು

ಪುಣೆಗೆ ಬಂದು ಒಂಬತ್ತು ವರ್ಷವಾಯಿತು. ದಾಪೋಡಿಯಲ್ಲಿ ಹಳೇ ಮುಂಬೈ ರಸ್ತೆಯ ಪಕ್ಕ ಉದ್ದಕ್ಕೂ ಸಾಗುವ ಒಂದು ಕಾಂಪೌಂಡ್ ಗೋಡೆಯನ್ನು ದಿನಾ ನೋಡುತ್ತಿದ್ದೆ. ಒಳಗಿರುವುದು ಸೇನೆಯ ಎಂಜಿನಿಯರಿಂಗ್ ಕಾಲೇಜು, ಇಲ್ಲಿಯವರ ಬಾಯಲ್ಲಿ ಸಿಎಂಇ. ಹಿಂಜವಡಿಯ ಆಫೀಸಿಗೆ ತಡವಾಯಿತೆಂಬ ಗಡಿಬಿಡಿಯಲ್ಲಿ ಆ ಗೋಡೆಯಾಚೆ ಏನು ನಡೆಯುತ್ತದೆ ಎಂದು ಯೋಚಿಸಿದವನಲ್ಲ. ಕಳೆದ ವರ್ಷ ನನ್ನ ಅಣ್ಣ ಅದೇ ಗೋಡೆಯೊಳಗೆ ಕೋರ್ಸಿಗೆಂದು ಬಂದ. ಆಮೇಲೆ ಕೆಲವು ತಿಂಗಳು ನನ್ನ ಭಾನುವಾರಗಳು ಅವನ ಔಟ್‌ಪಾಸ್‌ನ ಮೇಲೆ ನಿಂತವು.

ನಮ್ಮದು ಬೈಲಹೊಂಗಲ ತಾಲೂಕಿನ ಒಂದು ಹಳ್ಳಿ. ಆ ಕಡೆ ಸೈನಿಕರಿಲ್ಲದ ಓಣಿ ಅಪರೂಪ. ಬೆಳಗಾವಿಯಲ್ಲೇ ಮರಾಠಾ ಲಘು ಪದಾತಿ ದಳದ ಕೇಂದ್ರವಿರುವುದರಿಂದ ಮಿಲಿಟರಿ ಎಂದರೆ ನಮಗೆ ದೂರದ ಮಾತಲ್ಲ. ಅಣ್ಣ 2006ರಲ್ಲಿ ಪಿಯುಸಿ ಮುಗಿಸಿದವನೇ ಭರ್ತಿಗೆ ಹೋದ. 1.6 ಕಿ.ಮೀ. ಓಟದಲ್ಲಿ ಮುಂದೆ ಬಂದ, ಮೆಡಿಕಲ್ ಪಾಸಾದ. ಸೇರಿದ್ದು ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್, ಅಂದರೆ ಎಂಇಜಿಗೆ. 1780ರಲ್ಲಿ ಮದ್ರಾಸಿನಲ್ಲಿ ಹುಟ್ಟಿ, 1834ರಲ್ಲಿ ಬೆಂಗಳೂರಿಗೆ ಬಂದ ಪಡೆ ಅದು. ಸೇನೆಯ ಇಂಥ ಇನ್ನೆರಡು ಪಡೆಗಳ ಕೇಂದ್ರಗಳಲ್ಲಿ ಒಂದು ರೂರ್ಕಿಯಲ್ಲಿದೆ, ಇನ್ನೊಂದು ಪುಣೆಯ ಖಡಕಿಯಲ್ಲಿ. ಪದಾತಿ ದಳದವರಿಗೆ ಸಿಪಾಯಿ ಎಂದರೆ ಇವರಿಗೆ ಸ್ಯಾಪರ್. ಸೇತುವೆ ಕಟ್ಟುವುದು, ರಸ್ತೆ ಮಾಡುವುದು, ನೆಲಬಾಂಬ್ ಹೂಳುವುದು, ತೆಗೆಯುವುದು ಇವರ ಕೆಲಸ.

ನನ್ನ ಬಿ.ಇ. ಫೀ ಕಟ್ಟಿದ್ದು ಅವನ ಸಂಬಳ. ಎಂ.ಟೆಕ್‌ಗೆ ಗೇಟ್ ಸ್ಟೈಪೆಂಡ್ ಬಂತು, ಆದರೆ ಲ್ಯಾಪ್‌ಟಾಪ್ ಅವನ ದುಡ್ಡಿನದೇ. ಇಷ್ಟಾದರೂ ಅವನ ದಿನ ಹೇಗೆ ಕಳೆಯುತ್ತದೆಂದು ನನಗೆ ಗೊತ್ತಿರಲಿಲ್ಲ. ನನ್ನ ತಲೆಯಲ್ಲಿದ್ದದ್ದು ಸಿನಿಮಾದ ಸೈನಿಕ: ಹಿಮ, ಬಂದೂಕು, ಬಾವುಟ.

ಮೊದಲ ಭಾನುವಾರ ಮನೆಗೆ ಬಂದಾಗ ನನ್ನ ಹೆಂಡತಿ ಸಲೀಸಾಗಿ ಕೇಳಿಯೇಬಿಟ್ಟಳು, ‘ಭಾವಾರ, ನೀವು ದಿನಾ ಏನ್ ಮಾಡ್ತೀರಿ?’ ಅಣ್ಣ ನಕ್ಕ. ‘ಎಣಸ್ತೀವಿ ನೋಡವಾ. ಮುಂಜಾನಿ ಮಂದಿ ಎಣಸ್ತೀವಿ, ಆಮ್ಯಾಲ ಸಾಮಾನ ಎಣಸ್ತೀವಿ, ಸಂಜಿಗೆ ಮತ್ತ ಮಂದಿ ಎಣಸ್ತೀವಿ.’

ತಮಾಷೆ ಅಂದುಕೊಂಡೆ. ವಾರ ವಾರ ಕೇಳುತ್ತಾ ಹೋದಂತೆ ಅದು ಪೂರ್ತಿ ಸತ್ಯ ಎಂದು ತಿಳಿಯಿತು. ಬೆಳಿಗ್ಗೆ ಐದರ ಹೊತ್ತಿಗೆ ಎದ್ದು, ಚಹಾ ಕುಡಿದು, ಗಡ್ಡ ಹೆರೆದು ಪಿಟಿಗೆ ಹಾಜರಾಗಬೇಕು. ಗಡ್ಡ ಉಳಿದಿದ್ದರೆ ಉಸ್ತಾದ್ ಬಿಡುವುದಿಲ್ಲ. ಅಲ್ಲಿ ಮೊದಲ ಗಿಂತಿ, ಅಂದರೆ ತಲೆ ಎಣಿಕೆ. ಎಷ್ಟು ಜನ ಹಾಜರು, ಎಷ್ಟು ಜನ ರಜೆ, ಎಷ್ಟು ಜನ ಆಸ್ಪತ್ರೆ, ಎಷ್ಟು ಜನ ಡ್ಯೂಟಿ, ಲೆಕ್ಕ ಕೂಡಲೇಬೇಕು. ಲಂಗರ್‌ನಲ್ಲಿ ಪೂರಿ ಭಾಜಿ ತಿಂದು ಮತ್ತೆ ಫಾಲ್ಇನ್, ಆಮೇಲೆ ತರಬೇತಿ ಅಥವಾ ಕೆಲಸ. ‘ಕೆಲಸ’ ಎಂದರೆ ಬಂದೂಕೇ ಆಗಬೇಕಿಲ್ಲ. ಹುಲ್ಲು ಕತ್ತರಿಸುವುದು, ಸ್ಟೋರ್ ಸರಿಪಡಿಸುವುದು, ವಾಹನ ತೊಳೆಯುವುದು, ಮರದ ಬುಡಕ್ಕೆ ಗೇರು ಸುಣ್ಣ ಬಳಿಯುವುದು ಎಲ್ಲ ಸೇರಿತು. ಊಟವಾಗಿ ತುಸು ವಿರಾಮ. ಸಂಜೆ ಆಟ, ಬೇಡವೆಂದರೂ ಆಡಬೇಕು, ಅದೂ ಪರೇಡೇ. ಕತ್ತಲಾಗುತ್ತಲೇ ಮತ್ತೆ ಗಿಂತಿ. ನಾಳೆ ಯಾರು ಎಲ್ಲಿ ಎಂಬುದು ಅಲ್ಲಿಯೇ ತಿಳಿಯುವುದು.

ಪಹರೆ ಇದ್ದ ರಾತ್ರಿ ಎರಡು ತಾಸು ನಿಲ್ಲುವುದು, ನಾಲ್ಕು ತಾಸು ಬಿಡುವು, ಮತ್ತೆ ಎರಡು ತಾಸು. ಒಬ್ಬ ಇನ್ನೊಬ್ಬನಿಗೆ ಒಪ್ಪಿಸುವಾಗ ಗುಂಡುಗಳನ್ನು ಒಂದೊಂದಾಗಿ ಎಣಿಸಿ ಕೊಡಬೇಕು. ನಮ್ಮಲ್ಲೂ ಆನ್‌ಕಾಲ್ ಸರದಿ ಇದೆಯಲ್ಲ ಎಂದು ನಾನು ಹೋಲಿಸಲು ಹೋದೆ. ಸರ್ವರ್ ಬಿದ್ದರೆ ರಾತ್ರಿ ಎರಡಕ್ಕೂ ಏಳುತ್ತೇವೆ ಎಂದೆ. ಅವನು ಗಂಭೀರವಾಗಿ ಕೇಳಿಸಿಕೊಂಡು, ‘ಬಿದ್ದರ ಏಳ್ತೀರಿ. ನಾವು ಬೀಳಬಾರದಂತ ಎದ್ದಿರ್ತೀವಿ’ ಅಂದ. ಆಮೇಲೆ ಆ ಹೋಲಿಕೆ ಬಿಟ್ಟೆ.

ಜಗಳ, ಬೇಸರ, ಹೊಟ್ಟೆಕಿಚ್ಚು ಎಲ್ಲ ಅಲ್ಲೂ ಉಂಟು. ಬ್ಯಾರಕ್‌ನಲ್ಲಿ ಒಬ್ಬನಿಗೆ ಒಂದು ಮಂಚ, ಅದರಡಿ ಕರಿ ಬಣ್ಣದ ಟ್ರಂಕು, ಅದರ ಮೇಲೆ ಬಿಳಿ ಅಕ್ಷರದಲ್ಲಿ ನಂಬರು, ಹುದ್ದೆ, ಹೆಸರು. ಅವನ ಖಾಸಗಿ ಜಗತ್ತೆಲ್ಲ ಅಷ್ಟೇ. ಬೆಂಗಳೂರಿನಲ್ಲಿ ಟ್ರೇನಿಂಗ್ ಮಾಡಿದ ಕನ್ನಡಿಗ ತಮಿಳು ಕಲಿತ, ತೆಲುಗು ಮಲಯಾಳ ತಿಳಿಯುವಷ್ಟು ಕಲಿತ, ಹಿಂದಿಯಲ್ಲಿ ಆಜ್ಞೆ ಕೊಡುವುದನ್ನು ಕಲಿತ. ಎಂಇಜಿಯವರನ್ನು ಸೇನೆಯಲ್ಲೆಲ್ಲ ‘ತಂಬಿ’ ಎಂದೇ ಕರೆಯುವುದು. ‘ಊರಾಗ ನಿನಗ ಅಣ್ಣ, ಅಲ್ಲಿ ಎಲ್ಲಾರಿಗೂ ತಂಬಿ’ ಎಂದು ನಗುತ್ತಾನೆ.

ಊರಿನವರಿಗೆ ಸೈನಿಕನೆಂದರೆ ಕ್ಯಾಂಟೀನ್ ಕಾರ್ಡು. ಮಿಕ್ಸರ್ ಬೇಕು ಎನ್ನುವ ಅತ್ತಿಗೆ, ರಮ್ ಬಾಟ್ಲಿ ಕೇಳುವ ಸೋದರಮಾವ. ಕಾರ್ಡಿನಲ್ಲಿ ತಿಂಗಳಿಗೆ ಇಷ್ಟೇ ಎಂಬ ಮಿತಿ ಇದೆ ಎಂದರೆ ಯಾರೂ ನಂಬುವುದಿಲ್ಲ.

ಎಲ್ಲಕ್ಕಿಂತ ನಾಜೂಕಾದ ಎಣಿಕೆ ರಜೆಯದು. ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುವಲ್. ಕೇಳಲು ನಮಗಿಂತ ಹೆಚ್ಚು. ಆದರೆ ಹಬ್ಬಕ್ಕೆ ಎಲ್ಲರೂ ಹೋಗುವಂತಿಲ್ಲ. ದಸರೆಗೆ ಹೋದವನು ಯುಗಾದಿಗೆ ಇರಬೇಕು. ಮಗುವಿನ ಜವಳ, ತಂಗಿಯ ಮದುವೆ, ಬಿತ್ತನೆ ಎಲ್ಲವೂ ಆ ಪಟ್ಟಿಯಲ್ಲಿ ಒಬ್ಬರದೊಂದು ಕೊಟ್ಟು ಇನ್ನೊಬ್ಬರದೊಂದು ಪಡೆಯುವ ವ್ಯವಹಾರ. ಕೊನೆಗೆ ವಾರಂಟ್ ಹಿಡಿದು ದಿಲ್ಲಿಯಿಂದ ಗೋವಾ ಎಕ್ಸ್‌ಪ್ರೆಸ್ ಹತ್ತಿದರೆ ಪುಣೆ, ಮಿರಜ್ ದಾಟಿ ಬೆಳಗಾವಿ. ಪಟ್ಟಿಯಲ್ಲಿ ಅವನ ಸರದಿ ಬರದ ಕಾರಣ ಮಗಳು ಹುಟ್ಟಿದ ನಾಲ್ಕು ತಿಂಗಳಿಗೆ ಮುಖ ನೋಡಿದ. ಮಗು ಅತ್ತಿತು. ಅದನ್ನು ಹೇಳುವಾಗ ಮಾತ್ರ ಅವನು ನಗಲಿಲ್ಲ.

2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಸಿಲುಕಿದ್ದು ನೆನಪಿದೆಯಲ್ಲ? ಕುಂದಗೋಳ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ಬಳಿಕ ಹಿಮದಡಿ ಜೀವಂತ ಸಿಕ್ಕರು, ಫೆಬ್ರುವರಿ 11ರಂದು ದಿಲ್ಲಿಯಲ್ಲಿ ತೀರಿಕೊಂಡರು. ಆ ವಾರವೆಲ್ಲ ನಮ್ಮವ್ವ ಟಿವಿ ಆರಿಸಲಿಲ್ಲ. ಅಣ್ಣ ಆಗ ಬೇರೆಡೆ ಇದ್ದ, ಆದರೂ ಅವಳಿಗೆ ಅವೆಲ್ಲ ಒಂದೇ ಹಿಮ. ನಾಡಿಗೆ ಸೈನಿಕ ಕಾಣುವುದು ಅಂಥ ವಾರದಲ್ಲಿ. ಉಳಿದ ವಾರಗಳನ್ನು ಅವನು ಮತ್ತು ಅವನ ಮನೆಯವರು ಎಣಿಸುತ್ತಾರೆ.

ಒಂದು ಭಾನುವಾರ ನಮ್ಮ ಅಕ್ಕನ ಮಗ ಫೋನ್ ಮಾಡಿದ. ಅವನಿಗೆ ಅಗ್ನಿವೀರ ಆಗಬೇಕು. 2022ರಲ್ಲಿ ಬಂದ ಆ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ. ಆಮೇಲೆ ನೂರಕ್ಕೆ 25ರವರೆಗೆ ಮಂದಿಯನ್ನು ಉಳಿಸಿಕೊಳ್ಳುತ್ತಾರೆ. ಹೊರಬರುವವರಿಗೆ ಸುಮಾರು 11.71 ಲಕ್ಷ ರೂಪಾಯಿ ಸೇವಾನಿಧಿ, ಪಿಂಚಣಿ ಇಲ್ಲ. ಅಣ್ಣನ ಕಾಲದಲ್ಲಿ 15 ವರ್ಷ ಮುಗಿಸಿದರೆ ಪಿಂಚಣಿ ಗಟ್ಟಿ. ನಾನು ‘ಬೇಡ ಅಂತ ಹೇಳು’ ಎಂದು ಸನ್ನೆ ಮಾಡಿದೆ. ಅಣ್ಣ ಹುಡುಗನಿಗೆ, ‘ಓಡಾಕ ಬರ್ತೈತಿ ಅಂತ ಬರಬ್ಯಾಡ. ಒಬ್ಬನ ಇರಾಕ ಬರ್ತೈತೇನ್ ನೋಡ್ಕೋ. ಡಿಗ್ರಿ ಬಿಡಬ್ಯಾಡ, ಇಪ್ಪತ್ತಮೂರಕ್ಕ ಮನಿಗಿ ಬಂದ್ರೂ ಕೈಯಾಗ ಏನರ ಇರಬೇಕು’ ಅಂದ. ಫೋನ್ ಇಟ್ಟು ನನ್ನತ್ತ ತಿರುಗಿ, ‘ಬ್ಯಾಡ ಅನ್ನಾಕ ನಾ ಯಾರು? ನನಗ ಯಾರೂ ಬ್ಯಾಡ ಅಂದಿರಲಿಲ್ಲ’ ಎಂದ. ಅವನು ಯಾಕೆ ಹೋದನೆಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಇನ್ನೊಂದು ಮಾತು ಹನ್ನೊಂದು ವರ್ಷದಿಂದ ಬಾಕಿ ಇತ್ತು. 2014ರ ಜನವರಿಯಲ್ಲಿ ಅಪ್ಪ ತೀರಿಕೊಂಡಾಗ ಅಣ್ಣ ಲಡಾಖ್‌ನಲ್ಲಿದ್ದ. ಬಂದದ್ದು ಮೂರನೇ ದಿನ. ಹಿರಿಯ ಮಗ ಮಾಡಬೇಕಾದದ್ದನ್ನೆಲ್ಲ ನಾನು ಮಾಡಿದ್ದೆ. ಬಾಗಿಲಲ್ಲಿ ನಿಂತವನಿಗೆ, ‘ಎಲ್ಲಾ ಮುಗದ ಮ್ಯಾಲ ಬಂದಿ’ ಅಂದಿದ್ದೆ. ಅವನು ಏನೂ ಅನ್ನದೆ ಟ್ರಂಕು ಇಳಿಸಿದ್ದ.

ಕೋರ್ಸಿನ ಕೊನೆಯ ಭಾನುವಾರ ಅದನ್ನು ಎತ್ತಿದೆ. ಅಂದು ತಪ್ಪು ಮಾತಾಡಿದೆ ಅಂದೆ. ಅಣ್ಣ ಚಹಾ ಲೋಟ ಕೆಳಗಿಟ್ಟ. ‘ರಜಾ ಅರ್ಧ ತಾಸಿನಾಗ ಸಿಕ್ಕಿತ್ತೋ ತಮ್ಮಾ. ಸಾಹೇಬ್ರ ಗಾಡಿ ಕೊಟ್ಟು ಲೇಹ್‌ಗೆ ಕಳಿಸಿದ್ರು. ಚಳಿಗಾಲದಾಗ ರಸ್ತೆ ಬಂದ್, ವಿಮಾನ ಒಂದ ದಾರಿ. ಎರಡು ದಿನ ಮೋಡ. ವಿಮಾನ ಏಳಲಿಲ್ಲ.’ ಸ್ವಲ್ಪ ಹೊತ್ತು ಬಿಟ್ಟು, ‘ಆ ಎರಡು ದಿನ ನಾ ಏನ್ ಮಾಡಿದೆ ಗೊತ್ತೇನು? ಅಲ್ಲಿ ಪಟ್ಟಿಯೊಳಗ ನನ್ನ ಮುಂದ ಎಷ್ಟ ಮಂದಿ ಅದಾರ ಅಂತ ಎಣಸ್ಕೋತ ಕುಂತಿದ್ದೆ’ ಅಂದ.

‘ಆವಾಗ ಯಾಕ ಹೇಳಲಿಲ್ಲ?’

‘ನೀನೂ ಸಣ್ಣಾಂವ ಇದ್ದಿ. ಯಾರ ಮ್ಯಾಲರ ಸಿಟ್ಟ ಮಾಡ್ಬೇಕಿತ್ತು, ಮಾಡಿದಿ.’

ಸಂಜೆ ಆರರೊಳಗೆ ಗೇಟು ಸೇರಬೇಕಿತ್ತು. ದಾಪೋಡಿಯವರೆಗೆ ಬೈಕಿನಲ್ಲಿ ಬಿಟ್ಟೆ. ಇನ್ನೂ ಹದಿನೈದು ನಿಮಿಷವಿತ್ತು. ‘ಕುಂದ್ರು, ಇನ್ನೊಂದು ಚಹಾ ಕುಡಿಯೂಣು’ ಅಂದೆ. ಅವನು ಗಡಿಯಾರ ನೋಡಿ ತಲೆಯಾಡಿಸಿದ. ಒಳಗೆ ಗಿಂತಿ ಇತ್ತು. ಒಬ್ಬ ಕಡಿಮೆಯಾದರೂ ಲೆಕ್ಕ ಕೂಡುವುದಿಲ್ಲ, ಉಳಿದವರೆಲ್ಲ ನಿಂತೇ ಇರಬೇಕಾಗುತ್ತದೆ.

ಈಗ ಅವನು ಮತ್ತೆ ಉತ್ತರದಲ್ಲಿದ್ದಾನೆ. ಆ ಗೋಡೆಯ ಪಕ್ಕ ಹೋಗುವಾಗ ಸಂಜೆಯಾಗಿದ್ದರೆ, ಒಳಗೆ ಯಾರೋ ಯಾರನ್ನೋ ಎಣಿಸುತ್ತಿರುತ್ತಾರೆ ಎಂದುಕೊಳ್ಳುತ್ತೇನೆ. ಯುಗಾದಿ ಪಟ್ಟಿಯಲ್ಲಿ ಈ ಸಲ ಅಣ್ಣನ ಹೆಸರಿದೆಯಂತೆ. ನಾನೂ ಆ ವಾರಕ್ಕೆ ರಜೆ ಹಾಕಿದ್ದೇನೆ. ನನ್ನದು ಒಂದೇ ಕ್ಲಿಕ್ಕಿನಲ್ಲಿ ಮಂಜೂರಾಯಿತು.